ನಾಕಾದ ಅಕ್ಕನ ಕಾಗದಕ್ಕೆ ಒಂದು ಸಹಿ

ಮುಂಬೈಯ ಚರ್ಚುಗಳ ಪಾಲನಾ ಮಂಡಳಿಗಳಲ್ಲಿ ಇರುವವರಿಗೆ, ಚರ್ಚಿನ ಶಾಲೆ, ಹಾಲ್, ಆಸ್ಪತ್ರೆಗಳ ಕಟ್ಟಡ ನೋಡಿಕೊಳ್ಳುವ ಫಾದರ್‌ಗಳಿಗೆ, ಹೌಸಿಂಗ್ ಸೊಸೈಟಿಗಳ ಕಮಿಟಿಯಲ್ಲಿ ಕೂತಿರುವ ನನ್ನಂಥ ಕನ್ನಡಿಗರಿಗೆ,

ನಮಸ್ಕಾರ.

ನಾನು ಬೊರಿವಲಿಯವನು. ಮನೆಯಲ್ಲಿ ಕೊಂಕಣಿ, ಓದು ಬರಹ ಕನ್ನಡ, ಬೀದಿಯಲ್ಲಿ ಹಿಂದಿ, ಮರಾಠಿ. ಬ್ಯಾಂಕೊಂದರ ಸಾಲದ ವಿಭಾಗದಲ್ಲಿ 31 ವರ್ಷ ದುಡಿದು ನಿವೃತ್ತನಾದೆ. ಆಮೇಲೆ ನಮ್ಮ ಸೊಸೈಟಿಯವರು ನನ್ನನ್ನು ಖಜಾಂಚಿ ಮಾಡಿದರು. ಆ ಹೊತ್ತಿನಲ್ಲಿ ನಾನು ಆಡಿದ ಒಂದು ಮಾತು ಎರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದಕ್ಕೇ ಈ ಪತ್ರ.

ಬೆಳಗಿನ ಪೂಜೆ ಮುಗಿಸಿ ನಾನು ಮನೆಗೆ ಬರುವ ದಾರಿಯಲ್ಲಿ ಒಂದು ನಾಕಾ ಇದೆ, ದಿನಗೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ಬೀದಿಮೂಲೆ. ನಿಮ್ಮ ದಾರಿಯಲ್ಲೂ ಇರುತ್ತದೆ, ಮುಂಬೈಯಲ್ಲಿ ನಾಕಾ ಇಲ್ಲದ ಉಪನಗರ ಯಾವುದಿದೆ? ಏಳೂವರೆಗೆ ಅಲ್ಲಿ ಜನ ತುಂಬಿರುತ್ತಾರೆ. ಮಿಸ್ತ್ರಿಗಳ ಚೀಲದಿಂದ ಕರಣೆಯ ಹಿಡಿ ಹೊರಗೆ ಕಾಣುತ್ತದೆ. ಪೇಂಟರುಗಳ ಕೈಯಲ್ಲಿ ಬ್ರಷ್. ಹೆಂಗಸರು ಮರಳು ಹೊರುವ ಘಮೇಲಾ ಬೋರಲು ಹಾಕಿ ಅದರ ಮೇಲೆ ಕೂತಿರುತ್ತಾರೆ, ತಲೆಗೆ ಇಡುವ ಸಿಂಬಿ ಮಡಿಲಲ್ಲಿ. ಅವರಲ್ಲಿ ಅರ್ಧದಷ್ಟು ಜನರ ಮಾತು ಕನ್ನಡ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಕನ್ನಡ. ಬೈಕಿನಲ್ಲಿ ಯಾರಾದರೂ ಬಂದು ನಿಲ್ಲಿಸಿದರೆ ಹತ್ತು ಜನ ಓಡಿ ಸುತ್ತುವರಿಯುತ್ತಾರೆ. ದಿನದ ರೇಟು ಅಲ್ಲೇ ನಿಂತಲ್ಲೇ ತೀರ್ಮಾನ. ಹತ್ತು ಗಂಟೆ ದಾಟಿದ ಮೇಲೆ ಉಳಿದವರು ಅರ್ಧ ರೇಟಿಗೂ ತಲೆ ಆಡಿಸುತ್ತಾರೆ. ಹನ್ನೊಂದಕ್ಕೆ ಕೆಲವರು ಸುಮ್ನೆ ಎದ್ದು ಮನೆಗೆ ಹೋಗುತ್ತಾರೆ.

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ದ್ರಾಕ್ಷಿ ತೋಟದ ಯಜಮಾನ ಸಂಜೆ ಐದಕ್ಕೆ ಸಂತೆಗೆ ಹೋಗಿ, ಇಡೀ ದಿನ ಯಾಕೆ ಸುಮ್ನೆ ನಿಂತಿದ್ದೀರಿ ಅಂತ ಕೇಳುತ್ತಾನೆ. ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ ಅನ್ನುತ್ತಾರೆ ಅವರು. ಎಷ್ಟೋ ವರ್ಷ ಇದರ ಮೇಲೆ ಫಾದರ್‌ಗಳ ಪ್ರಸಂಗ, ಅಂದರೆ ಪ್ರವಚನ, ಕೇಳಿದ್ದೇನೆ. ಆ ಸಂತೆ ನಮ್ಮ ನಾಕಾ ಅಂತ ನನಗೆ ಹೊಳೆದದ್ದು ಮಾತ್ರ ತೀರಾ ಈಚೆಗೆ.

ಎರಡು ವರ್ಷದ ಹಿಂದೆ ನಮ್ಮ ಕಟ್ಟಡದ ದೊಡ್ಡ ರಿಪೇರಿ ನಡೆಯಿತು. ಏಳು ಮಾಳಿಗೆ. ಹಳೆ ಪ್ಲಾಸ್ಟರ್ ಕೆತ್ತಿ ಹೊಸದು ಹಾಕಬೇಕಿತ್ತು. ಕಂಟ್ರಾಕ್ಟರ್ ಜನರನ್ನು ತಂದದ್ದು ಇದೇ ನಾಕಾದಿಂದ, ಒಬ್ಬ ಮುಕಾದಮನ, ಅಂದರೆ ಕೂಲಿಯಾಳುಗಳ ಮೇಸ್ತ್ರಿಯ ಮೂಲಕ. ಅವರಲ್ಲಿ ಕಲಬುರಗಿ ಕಡೆಯ ಒಬ್ಬ ಅಕ್ಕ ಇದ್ದಳು. ನಲವತ್ತರ ಆಸುಪಾಸು. ನಾಲ್ಕು ತಿಂಗಳು ಪ್ರತಿದಿನ ನಮ್ಮ ಮೆಟ್ಟಿಲುಗಳಲ್ಲಿ ಮರಳು ಹೊತ್ತಳು. ನಾನು ಕನ್ನಡದವನು ಅಂತ ಗೊತ್ತಾದ ಮೇಲೆ ನಮ್ಮ ಮನೆಯಲ್ಲೇ ನೀರು ಕೇಳುತ್ತಿದ್ದಳು.

ಕೆಲಸ ಮುಗಿಯುವ ವಾರ ಅವಳು ಸೊಸೈಟಿ ಆಫೀಸಿಗೆ ಬಂದಳು. ಹಾಲಿನ ಪ್ಯಾಕೆಟ್ ತೊಳೆದು ಮಾಡಿದ ಚೀಲದಿಂದ ಒಂದು ಕಾಗದ ತೆಗೆದಳು. ನಾಲ್ಕು ಮಡಿಕೆ. ಮಡಿಸಿ ಮಡಿಸಿ ಮೂಲೆಗಳು ಬಟ್ಟೆಯಂತೆ ಮೆತ್ತಗಾಗಿದ್ದವು. ಜೊತೆಗೆ ಆಧಾರ್ ಕಾರ್ಡಿನ ಜೆರಾಕ್ಸ್, ಮಗಳ ಒಂಬತ್ತನೇ ಕ್ಲಾಸಿನ ಅಂಕಪಟ್ಟಿ. ಕಾಗದದಲ್ಲಿ ಅವಳ ಹೆಸರು ಯಾರೋ ಮರಾಠಿಯಲ್ಲಿ ತುಂಬಿದ್ದರು. ಕೆಲಸದ ಜಾಗ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಮಾಲಕರ ಸಹಿ ಮತ್ತು ಮೊಹರು, ಈ ಸಾಲುಗಳೆಲ್ಲ ಖಾಲಿ. ಖಾಲಿ ಜಾಗದ ಮೇಲೆ ಸಿಮೆಂಟಿನ ಹೆಬ್ಬೆಟ್ಟಿನ ಗುರುತು.

"ಸಾಹೇಬ್ರೇ, ತೊಂಬತ್ತು ದಿನ ದಾಟ್ಯಾವ್ರಿ. ಇದಕ್ಕೊಂದು ಸಹಿ ಮಾಡ್ರಿ" ಅಂದಳು.

ನಾನು ಅಂದೆ: "ಅಕ್ಕಾ, ನಾವು ಮಾಲಕರಲ್ಲ. ಕಂಟ್ರಾಕ್ಟರ್ ಹತ್ತಿರ ಕೇಳು."

ಅವನ ಹತ್ತಿರ ಆಗಲೇ ಹೋಗಿದ್ದಳಂತೆ. ಅವನು ಮುಕಾದಮನ ಹತ್ತಿರ ಕಳಿಸಿದ್ದ. ಮುಕಾದಮನ ಹತ್ತಿರ ಮೊಹರೇ ಇಲ್ಲ. ಅವಳು ಕಾಗದವನ್ನು ಅದೇ ಮಡಿಕೆಗೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದಳು. ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲವೋ ಏನೋ.

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಅವಳಿಗೂ ಅವಳ ಜೊತೆಯವರಿಗೂ ಕೊನೆಯ 11 ದಿನದ ಪಗಾರ ಸಿಕ್ಕಿರಲಿಲ್ಲ. ಸೊಸೈಟಿ ಬಿಲ್ ಪಾಸ್ ಮಾಡಿಲ್ಲ ಅಂತ ಕಂಟ್ರಾಕ್ಟರ್ ಹೇಳಿದ್ದ. ಅದು ಸುಳ್ಳಲ್ಲ. ಕೆಲಸ ಸರಿಯಾಗಿದೆಯಾ ನೋಡೋಣ, ಮಳೆಗಾಲ ಕಳೆಯಲಿ ಅಂತ ಬಿಲ್ಲಿನ ಒಂದು ಭಾಗ ಹಿಡಿದಿಟ್ಟವನು ನಾನೇ. ಕರಾರಿನಲ್ಲಿ ಹಾಗೇ ಇತ್ತು. ಕಮಿಟಿಯಲ್ಲಿ ಎಲ್ಲರೂ ನನ್ನನ್ನು ಹೊಗಳಿದ್ದರು. ನಾನು ಹಿಡಿದದ್ದು ಕಂಟ್ರಾಕ್ಟರನ ದುಡ್ಡು ಅಂದುಕೊಂಡಿದ್ದೆ. ಅವನು ಅದನ್ನು ನೇರವಾಗಿ ಅವಳ ಅನ್ನಕ್ಕೆ ದಾಟಿಸಿದ್ದ.

ಆ ಕಾಗದದ ಬೆಲೆ ಏನು ಅಂತ ಹೇಳುತ್ತೇನೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾನೂನು ಬಂತು. ಕಟ್ಟಡ ಕಟ್ಟಿಸುವವರು ಖರ್ಚಿನ ಶೇಕಡಾ 1ರಷ್ಟು ಸೆಸ್ ಅನ್ನುವ ತೆರಿಗೆ ಕಟ್ಟಬೇಕು. ಆ ದುಡ್ಡು ರಾಜ್ಯದ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಅಪಘಾತ, ಹೆರಿಗೆ, ಮಕ್ಕಳ ಓದು, ಮುಪ್ಪಿನ ಪಿಂಚಣಿ, ಇವಕ್ಕೆಲ್ಲ ಅದರಿಂದ ನೆರವು. ಹೆಸರು ನೋಂದಾಯಿಸಲು ವಯಸ್ಸು 18ರಿಂದ 60ರೊಳಗೆ ಇರಬೇಕು. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ದಾಖಲೆ ಬೇಕು. ಅಕ್ಕನ ಕಾಗದ ಅದೇ. ನಾಕಾದಲ್ಲಿ ನಿಲ್ಲುವವರಿಗೆ ಈ 90 ದಿನವೇ ಗೋಡೆ. ಅವರು 90 ದಿನವಲ್ಲ, 250 ದಿನ ದುಡಿದಿರಬಹುದು. ಆದರೆ ನಲವತ್ತು ಮಾಲಕರ ಕೈಕೆಳಗೆ. ಇಂದು ಒಬ್ಬರ ಬಾತ್‌ರೂಮ್ ಟೈಲ್ಸ್, ನಾಳೆ ಇನ್ನೊಬ್ಬರ ಗೇಟು. ಯಾರೂ ಸಹಿ ಹಾಕುವುದಿಲ್ಲ. ದುಡ್ಡು ಕೊಟ್ಟರೆ ಸಹಿ ಕೊಡಿಸುವ ಏಜೆಂಟರು ಇದ್ದಾರೆ ಅಂತ ಅದೇ ಅಕ್ಕ ಹೇಳಿದಳು. ನಿಜವಾಗಿ ದುಡಿದವಳು ಸುಳ್ಳು ಸಹಿ ಕೊಳ್ಳಬೇಕು. ಇದಕ್ಕಿಂತ ಅನ್ಯಾಯ ಬೇಕಾ?

ಆ ವರ್ಷ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ, ನಮ್ಮ ಚರ್ಚಿನಲ್ಲಿ ಆರು ಜನ ಸೇರಿ ಪೋಪರ ವಿಶ್ವಪತ್ರಗಳನ್ನು, ಅವರು ಇಡೀ ಚರ್ಚಿಗೆ ಬರೆಯುವ ಬೋಧನೆಯ ಪತ್ರಗಳನ್ನು, ಓದಲು ಕೂತೆವು. ಪೋಪ್ ಎರಡನೇ ಜಾನ್ ಪಾಲ್ 1981ರಲ್ಲಿ ದುಡಿಮೆಯ ಬಗ್ಗೆ ಬರೆದ 'ಲಬೋರೆಮ್ ಎಕ್ಸರ್ಸೆನ್ಸ್' ಕೈಗೆ ಬಂತು. ಅದರಲ್ಲಿ ಅವರು ಇಬ್ಬರು ಮಾಲಕರ ಮಾತು ಹೇಳುತ್ತಾರೆ. ಒಬ್ಬ ನೇರ ಮಾಲಕ, ಕೆಲಸಗಾರನ ಜೊತೆ ಕರಾರು ಮಾಡಿಕೊಳ್ಳುವವನು. ಇನ್ನೊಬ್ಬ ಪರೋಕ್ಷ ಮಾಲಕ. ಕರಾರಿನಲ್ಲಿ ಇವನ ಹೆಸರಿಲ್ಲ. ಆದರೆ ಆ ಕರಾರು ಎಷ್ಟು ನ್ಯಾಯದ್ದು, ಎಷ್ಟು ಅನ್ಯಾಯದ್ದು ಅನ್ನುವುದನ್ನು ಇವನ ನಡೆಯೂ ನಿರ್ಧರಿಸುತ್ತದೆ. ಅದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ನಾವು ಮಾಲಕರಲ್ಲ ಅಂದಿದ್ದೆನಲ್ಲ, ಆ ಮಾತಿಗೆ ನಲವತ್ತು ವರ್ಷ ಮೊದಲೇ ಉತ್ತರ ಬರೆದಿಟ್ಟಿದ್ದರು.

ಅವರು ಅಲ್ಲಿಗೇ ನಿಲ್ಲುವುದಿಲ್ಲ. ಪರೋಕ್ಷ ಮಾಲಕ ಅಂದರೆ ಸರಕಾರವೂ ಹೌದು, ದೇಶ ದೇಶಗಳ ನಡುವಿನ ವ್ಯಾಪಾರವೂ ಹೌದು ಅನ್ನುತ್ತಾರೆ. ಶ್ರೀಮಂತ ದೇಶಗಳೂ ದೊಡ್ಡ ಕಂಪೆನಿಗಳೂ ತಮ್ಮ ಸರಕಿಗೆ ಆದಷ್ಟು ಜಾಸ್ತಿ ಬೆಲೆ ಇಡುತ್ತವೆ, ಬಡ ದೇಶದ ಕಚ್ಚಾ ಮಾಲಿಗೆ ಆದಷ್ಟು ಕಡಿಮೆ ಕೊಡುತ್ತವೆ, ಇದರಿಂದ ದೇಶಗಳ ನಡುವಿನ ಕಂದಕ ಅಗಲವಾಗುತ್ತದೆ ಅಂತ ಅದೇ ಜಾಗದಲ್ಲಿ ಬರೆದಿದ್ದಾರೆ. ನಾಕಾದ ಲೆಕ್ಕವೂ ಇದೇ ಅಲ್ವಾ? ಮೇಲಿನವನು ಬೆಲೆ ಇಳಿಸಿದರೆ ನಡುವಿನವನು ಅದನ್ನು ಕೆಳಗೆ ದಾಟಿಸುತ್ತಾನೆ. ಕೊನೆಗೆ ಯಾರ ಕೆಳಗೆ ಯಾರೂ ಇಲ್ಲವೋ ಅವಳ ತಲೆಯ ಮೇಲೆ ಬಂದು ಕೂರುತ್ತದೆ.

1891ರಲ್ಲಿ 13ನೇ ಲಿಯೋ ಪೋಪರು 'ರೇರುಂ ನೊವಾರುಂ' ಪತ್ರ ಬರೆದಾಗಲೇ ಇದರ ಬುಡ ಹಿಡಿದಿದ್ದರು. ಕೆಲಸಗಾರ ಒಪ್ಪಿದ್ದಾನೆ ಅಂದ ಮಾತ್ರಕ್ಕೆ ಕೂಲಿ ನ್ಯಾಯದ್ದಾಗುವುದಿಲ್ಲ, ಹೊಟ್ಟೆಪಾಡಿಗೆ ಒಪ್ಪಿದ್ದರೆ ಅವನು ಬಲವಂತಕ್ಕೆ ಸಿಕ್ಕಿದವನು ಅಂತ. 1967ರಲ್ಲಿ ಪೋಪ್ ಆರನೇ ಪಾಲ್ 'ಪೊಪುಲೋರುಂ ಪ್ರೊಗ್ರೆಸ್ಸಿಯೊ' ಪತ್ರದಲ್ಲಿ ಇದೇ ನ್ಯಾಯವನ್ನು ಇಡೀ ದೇಶಗಳಿಗೆ ಹಚ್ಚಿದರು. ಬಲ ಸಮ ಇಲ್ಲದ ಇಬ್ಬರ ನಡುವೆ ಬರೀ ಒಪ್ಪಿಗೆಯಿಂದ ಕರಾರು ನ್ಯಾಯವಾಗುವುದಿಲ್ಲ ಅಂತ. ಹತ್ತು ಗಂಟೆ ದಾಟಿದ ಮೇಲೆ ಅರ್ಧ ರೇಟಿಗೆ ತಲೆ ಆಡಿಸಿದವನ ಒಪ್ಪಿಗೆ ಎಂಥದು ಅಂತ ನಾಕಾದಲ್ಲಿ ಐದು ನಿಮಿಷ ನಿಂತರೆ ಯಾರಿಗೂ ತಿಳಿಯುತ್ತದೆ.

ಈ ಮಾತಿಗೆ ಮುಂಬೈಯೇನೂ ಹೊರಗಿನ ಊರಲ್ಲ. ರೇರುಂ ನೊವಾರುಂ ಬರುವುದಕ್ಕೆ ಹನ್ನೊಂದು ತಿಂಗಳು ಮೊದಲು, 1890ರ ಜೂನ್ 10ರಂದು, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ ಇಲ್ಲಿನ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿತ್ತು. ಜ್ಯೋತಿಬಾ ಫುಲೆಯವರ ಒಡನಾಡಿ ಅವರು. ನಾವು ಭಾನುವಾರ ಆರಾಮಾಗಿ ಪೂಜೆಗೆ ಹೋಗುವುದರ ಹಿಂದೆ ಅವರ ದುಡಿಮೆಯೂ ಇದೆ. ನಮ್ಮ ನಾಕಾ ಭಾನುವಾರವೂ ತುಂಬಿರುತ್ತದೆ.

1964ರ ಕಥೆಯನ್ನಂತೂ ಹೇಳಲೇಬೇಕು. ಆ ಡಿಸೆಂಬರಿನಲ್ಲಿ ಆರನೇ ಪಾಲ್ ಮುಂಬೈಗೆ ಬಂದರು, ಕ್ಯಾಥೊಲಿಕರ ಅಂತಾರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆ. ನನ್ನ ಅಪ್ಪ ಆಗ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದರು, ರಾತ್ರಿ ಶಾಲೆಗೆ ಹೋಗುತ್ತಿದ್ದರು. ಓವಲ್ ಮೈದಾನ ಹೆಜ್ಜೆ ದೂರ. ಜನಸಾಗರದ ಅಂಚಿನಲ್ಲಿ ನಿಂತು ದೂರದಲ್ಲಿ ಬಿಳಿ ಚುಕ್ಕಿಯಷ್ಟು ಪೋಪರನ್ನು ನೋಡಿದ್ದನ್ನು ಸಾಯುವವರೆಗೆ ಹೇಳುತ್ತಿದ್ದರು. ಆಮೇಲೆ ಕಾರಿನ ಕಥೆ. ಪೋಪರು ಇಲ್ಲಿ ಓಡಾಡಿದ ಬಿಳಿ ಲಿಂಕನ್ ಕಾರನ್ನು ಹೋಗುವಾಗ ಮದರ್ ತೆರೇಸಾರಿಗೆ ಕೊಟ್ಟರು. ಅವರು ಅದರಲ್ಲಿ ಒಮ್ಮೆಯೂ ಕೂರದೆ ಲಾಟರಿ ಎತ್ತಿಸಿ, ಬಂದ ದುಡ್ಡನ್ನು ಕುಷ್ಠರೋಗಿಗಳ ಊರು ಕಟ್ಟಲು ಹಾಕಿದರು. ಇದು ನಮ್ಮ ಮಕ್ಕಳಿಗೂ ಗೊತ್ತು.

ಅದೇ ದಿನಗಳಲ್ಲಿ ಅದೇ ಪೋಪರು ಇದೇ ಊರಿನಲ್ಲಿ ಇನ್ನೊಂದು ಮಾತು ಹೇಳಿದ್ದರು. ದೇಶಗಳೆಲ್ಲ ಶಸ್ತ್ರಾಸ್ತ್ರಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ತೆಗೆದು, ಬಡವರಿಗಾಗಿ ಒಂದು ಜಾಗತಿಕ ನಿಧಿ ಮಾಡಿ ಅಂತ. 1967ರ ಪತ್ರದಲ್ಲಿ, ಮುಂಬೈಯಲ್ಲಿ ನಾವು ಇದನ್ನು ಕೇಳಿದ್ದೆವು ಅಂತ ಊರಿನ ಹೆಸರು ಹಿಡಿದು ನೆನಪಿಸಿದರು. ಅಪ್ಪ ಇದನ್ನು ಒಂದು ದಿನವೂ ಹೇಳಿದ್ದಿಲ್ಲ. ನಾನು ಕೇಳಿದ ಯಾವ ಪ್ರಸಂಗದಲ್ಲೂ ಬಂದಿಲ್ಲ. ಕಾರು ನೆನಪಿದೆ, ನಿಧಿ ಮರೆತಿದೆ. ಕಾರು ಕೊಡುವುದು ಉದಾರ ಮನಸ್ಸಿನ ಕೆಲಸ, ಅದರಿಂದ ಯಾರಿಗೂ ತೊಂದರೆ ಇಲ್ಲ. ನಿಧಿ ಮಾಡಬೇಕಾದರೆ ಉಳ್ಳವರ ಲೆಕ್ಕಪುಸ್ತಕ ಬಿಚ್ಚಬೇಕಾಗುತ್ತದೆ.

ಲೆಕ್ಕಪುಸ್ತಕ ಬಿಚ್ಚಿದರೆ ಏನಿದೆ? ವಿಶ್ವ ಅಸಮಾನತೆ ವರದಿ 2022ರ ಪ್ರಕಾರ ಲೋಕದ ಆಸ್ತಿಯಲ್ಲಿ ಶೇಕಡಾ 76ರಷ್ಟು ಮೇಲಿನ ಶೇಕಡಾ 10 ಜನರ ಕೈಯಲ್ಲಿದೆ. ಕೆಳಗಿನ ಅರ್ಧ ಜನರಿಗೆಲ್ಲ ಸೇರಿ ಶೇಕಡಾ 2. ನಾವು, ಬೊರಿವಲಿಯಲ್ಲಿ ಸ್ವಂತ ಫ್ಲ್ಯಾಟ್ ಇರುವವರು, ಬಡವರ ಬಗ್ಗೆ ಮಾತಾಡುವಾಗ ಅಮೆರಿಕದ ಶ್ರೀಮಂತರತ್ತ ಬೆರಳು ತೋರಿಸುತ್ತೇವೆ. ಆದರೆ ಲೋಕದ ಲೆಕ್ಕದಲ್ಲಿ ನಾವು ಆ ಕೆಳಗಿನ ಅರ್ಧದಲ್ಲಿ ಇಲ್ಲ. ಅಕ್ಕ ಇದ್ದಾಳೆ.

ಈಗ ಒಂದು ಶಬ್ದಕ್ಕೆ ಬರುತ್ತೇನೆ, ಸಾಲಿಡಾರಿಟಿ. ಕನ್ನಡದಲ್ಲಿ ಒಗ್ಗಟ್ಟು ಅಂತ ಬರೆಯುತ್ತೇವೆ, ಐಕಮತ್ಯ ಅನ್ನುತ್ತೇವೆ. ಎರಡೂ ಸಾಲದು ಅಂತ ನನಗೆ ಅನಿಸುತ್ತದೆ. ಒಗ್ಗಟ್ಟು ನಮ್ಮ ನಮ್ಮವರ ನಡುವೆ ಇರುವಂಥದು. 1987ರಲ್ಲಿ ಎರಡನೇ ಜಾನ್ ಪಾಲ್ ಇದರ ಅರ್ಥ ಬಿಡಿಸಿ ಹೇಳಿದರು. ಅಯ್ಯೋ ಪಾಪ ಅನ್ನುವ ಮರುಕವಲ್ಲ ಇದು, ಎಲ್ಲರ ಒಳಿತಿಗಾಗಿ ಗಟ್ಟಿಯಾಗಿ, ಬಿಡದೆ ನಿಲ್ಲುವ ನಿರ್ಧಾರ, ಯಾಕೆಂದರೆ ನಾವೆಲ್ಲರೂ ಎಲ್ಲರಿಗೂ ಹೊಣೆ ಅಂತ. ಆ ಶಬ್ದದ ಬೇರು ರೋಮನ್ ಕಾನೂನಿನದು. 'ಇನ್ ಸೊಲಿಡುಂ' ಅಂದರೆ ಕೆಲವರು ಸೇರಿ ಮಾಡಿದ ಸಾಲಕ್ಕೆ ಒಬ್ಬೊಬ್ಬನೂ ಪೂರ್ತಿ ಹೊಣೆ.

ಸಾಲದ ವಿಭಾಗದಲ್ಲಿ ಕೂತವನಿಗೆ ಇದಕ್ಕೆ ಕನ್ನಡ ಹುಡುಕಬೇಕಾಗಿಲ್ಲ. ಜಾಮೀನು! ಸಾಲಗಾರ ಕಟ್ಟದಿದ್ದರೆ ಜಾಮೀನುದಾರ ಕಟ್ಟಬೇಕು. ನನ್ನ ಪಾಲು ಇಷ್ಟೇ ಅನ್ನುವಂತಿಲ್ಲ. ಜಾಮೀನು ಹಾಕುವಾಗ ಜನರ ಕೈ ನಡುಗುವುದನ್ನು ಎಷ್ಟು ಸಲ ನೋಡಿದ್ದೇನೆ. ನಡುಗಿದರೂ ಹಾಕುತ್ತಿದ್ದರು, ತಮ್ಮನಿಗೆ, ನೆರೆಯವನಿಗೆ, ಊರಿನವನಿಗೆ. ನನ್ನ ಅಪ್ಪನಿಗೆ ದಹಿಸರದಲ್ಲಿ ಒಂದು ಖೋಲಿ ಕೊಳ್ಳಲು ಸಾಲ ಬೇಕಾದಾಗ ಜಾಮೀನು ನಿಂತದ್ದು ಹೋಟೆಲಿನ ಕ್ಯಾಷಿಯರ್. ಜಾತಿ ಬೇರೆ, ದೇವರು ಬೇರೆ. ಆ ಸಹಿ ಇಲ್ಲದಿದ್ದರೆ ನಾನು ಬ್ಯಾಂಕಿನ ಆ ಕಡೆ ಕೂರುತ್ತಿರಲಿಲ್ಲ. ಹೋಟೆಲ್ ಬೆಂಚಿನ ಮೇಲೆ ಮಲಗಿ ಮೇಲೆ ಬಂದ ನಮ್ಮ ಕರಾವಳಿಯವರ ಪ್ರತಿ ಮನೆಯಲ್ಲೂ ಇಂಥ ಒಂದು ಸಹಿ ಇದೆ. ನಿಮ್ಮ ಮನೆಯದನ್ನು ನೆನಪು ಮಾಡಿಕೊಳ್ಳಿ.

ಅಕ್ಕ ನನ್ನ ಹತ್ತಿರ ದುಡ್ಡು ಕೇಳಲಿಲ್ಲ. ಜಾಮೀನು ಕೇಳಿದಳು. ಈ ಹೆಂಗಸು ಇಲ್ಲಿ ದುಡಿದಳು, ನಾನು ಕಣ್ಣಾರೆ ನೋಡಿದ್ದೇನೆ ಅಂತ ಒಂದು ಸಾಲು.

ನಮ್ಮ ಚರ್ಚುಗಳಲ್ಲಿ ದಾನಕ್ಕೆ ಕೊರತೆ ಇಲ್ಲ, ಅದನ್ನು ಮನಸಾರೆ ಹೇಳುತ್ತೇನೆ. ಸೇಂಟ್ ವಿನ್ಸೆಂಟ್ ದೆ ಪೌಲ್ ಸಭೆಯವರು ಬಡವರ ಮನೆಮನೆಗೆ ಹೋಗಿ ನೋಡಿಕೊಳ್ಳುವುದನ್ನು ಕಂಡು ದೊಡ್ಡವನಾದವನು ನಾನು. ಅದು ನಿಲ್ಲಬಾರದು. ಆದರೆ ಸಂತ ಅಂಬ್ರೋಸ್ ಸಾವಿರದ ಆರುನೂರು ವರ್ಷದ ಹಿಂದೆ ಉಳ್ಳವರಿಗೆ ಹೇಳಿದ್ದು, ಬಡವನಿಗೆ ಕೊಡುವಾಗ ನಿನ್ನದನ್ನು ಕೊಡುತ್ತಿಲ್ಲ, ಅವನದನ್ನು ಹಿಂದಿರುಗಿಸುತ್ತಿದ್ದೀಯೆ ಅಂತ. ಅಕ್ಕನ 11 ದಿನದ ಪಗಾರ ಹಿಡಿದಿಟ್ಟು, ತಪಸ್ಸುಕಾಲದ ಹುಂಡಿಗೆ 500 ರೂಪಾಯಿ ಹಾಕಿದ್ದೆ ನಾನು. ಯಾರ ದುಡ್ಡು ಹಾಕಿದೆ ಅಂತ ಈಗ ಕೇಳಿಕೊಳ್ಳುತ್ತೇನೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಚರ್ಚಿಗೆ ಬಣ್ಣ ಬಳಿಸುವಾಗ, ಶಾಲೆಯ ತಾರಸಿ ರಿಪೇರಿಗೆ, ಚರ್ಚ್ ಹಾಲ್‌ನ ಹೊಸ ಶೌಚಾಲಯಕ್ಕೆ ಕಂಟ್ರಾಕ್ಟ್ ಕೊಡುವಾಗ ಅದರಲ್ಲಿ ಎರಡು ಸಾಲು ಸೇರಿಸಿ. ಕೆಲಸಕ್ಕೆ ಬಂದ ಪ್ರತಿಯೊಬ್ಬರ ಹಜೇರಿ (ಹಾಜರಿ) ಪಟ್ಟಿಯ ಒಂದು ಪ್ರತಿ ನಮಗೂ ಕೊಡಬೇಕು, ಕೂಲಿ ಸಂದಾಯ ಆದ ರುಜು ತೋರಿಸದೆ ಕೊನೆಯ ಬಿಲ್ ಪಾಸ್ ಆಗುವುದಿಲ್ಲ ಅಂತ. ಬಿಲ್ಲಿನ ಭಾಗ ಹಿಡಿದಿಡುವುದಾದರೆ ಕಂಟ್ರಾಕ್ಟರನ ಲಾಭದಿಂದ ಹಿಡಿಯಿರಿ, ಕೂಲಿಯಿಂದ ಅಲ್ಲ. ಕೂಲಿಯ ಬಾಬ್ತು ಎಷ್ಟು ಅಂತ ಬೇರೆಯಾಗಿ ಬರೆಸಿದರೆ ಇದು ಕಷ್ಟವೇ ಅಲ್ಲ. ಖಜಾಂಚಿಯಾಗಿ ಹೇಳುತ್ತೇನೆ, ಹತ್ತು ನಿಮಿಷದ ಕೆಲಸ. ಆಮೇಲೆ ಆ ಹಜೇರಿ ನೋಡಿ 90 ದಿನದ ಕಾಗದವನ್ನು ಕಂಟ್ರಾಕ್ಟರನಿಂದ ನಮ್ಮೆದುರೇ ಸಹಿ ಮಾಡಿಸಿ. ನಾವೇ ನೇರವಾಗಿ ಕೂಲಿ ಕೊಟ್ಟು ಮಾಡಿಸಿದ ಕೆಲಸವಾದರೆ ನಾವೇ ಸಹಿ ಹಾಕೋಣ. ಇಪ್ಪತ್ತೇ ದಿನ ದುಡಿದಿದ್ದರೆ ಇಪ್ಪತ್ತು ಅಂತಲೇ ಬರೆಯೋಣ. ಸುಳ್ಳು ಒಂದು ದಿನದ್ದೂ ಬೇಡ.

ಸಹಿ ಹಾಕಿದರೆ ನಾಳೆ ಏನಾದರೂ ತಲೆಗೆ ಬಂದೀತು ಅಂತ ನಮ್ಮ ಕಮಿಟಿಯಲ್ಲಿ ಹೆದರಿದವರು ಇದ್ದಾರೆ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಜಾಮೀನು ಅಂದರೆ ಸ್ವಲ್ಪ ತಲೆಗೆ ಬರುವಂಥದೇ. ಆ ಕ್ಯಾಷಿಯರ್‌ಗೂ ಹೆದರಿಕೆ ಇತ್ತು.

ಇನ್ನೊಂದು ಮಾತನ್ನು ಬಿಚ್ಚಿ ಹೇಳಬೇಕು. ನಾಕಾದಲ್ಲಿ ಕ್ರೈಸ್ತರು ಬೆರಳೆಣಿಕೆ. ಲಂಬಾಣಿಗಳು, ದಲಿತರು, ಮುಸ್ಲಿಮರು, ಲಿಂಗಾಯತರು ಇದ್ದಾರೆ. ಈ ಕೆಲಸದಲ್ಲಿ ಯಾರನ್ನೂ ನಮ್ಮ ಕಡೆ ಎಳೆಯುವ ಮಾತೇ ಇಲ್ಲ. 1963ರಲ್ಲಿ 23ನೇ ಜಾನ್ ಪೋಪರು ತಮ್ಮ ಶಾಂತಿಯ ಪತ್ರವನ್ನು ಒಳ್ಳೆಯ ಮನಸ್ಸಿನ ಎಲ್ಲ ಜನರಿಗೂ ಅಂತ ಬರೆದರು. ಕಾಯಕ, ದಾಸೋಹದ ನೆಲದಿಂದ ಬಂದ ಅಕ್ಕನಿಗೆ ದುಡಿಮೆಯ ಗೌರವವನ್ನು ನಾವು ಕಲಿಸಬೇಕಾಗಿಯೂ ಇಲ್ಲ.

ಹೊಸ ಪೋಪರು 2025ರ ಮೇ ತಿಂಗಳಲ್ಲಿ ಲಿಯೋ ಅನ್ನುವ ಹೆಸರನ್ನೇ ಆರಿಸಿಕೊಂಡರು, ರೇರುಂ ನೊವಾರುಂ ಬರೆದ ಲಿಯೋ ಅವರನ್ನು ನೆನೆದು. ಅದಕ್ಕೆ ನಮ್ಮ ಚರ್ಚಿನಲ್ಲಿ ಗಂಟೆ ಬಾರಿಸಿದರು, ಸಿಹಿ ಹಂಚಿದರು. ಸಿಹಿ ನಾನೂ ತಿಂದೆ.

ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಹಿಡಿದಿಟ್ಟ ಬಿಲ್ಲಿನಿಂದ 11 ದಿನದ ಕೂಲಿಯನ್ನು ಬಿಡುಗಡೆ ಮಾಡಿಸಿದೆ, ಮುಕಾದಮನನ್ನು ಕರೆಸಿ ಒಂಬತ್ತು ಜನರ ಕೈಗೆ ನನ್ನೆದುರೇ ಕೊಡಿಸಿದೆ. ಇಬ್ಬರು ಊರಿಗೆ ಹೋಗಿದ್ದರು, ಅವರದನ್ನು ಫೋನಿನಲ್ಲಿ ಹಾಕಿಸಿದೆವು. ಆದರೆ ಅಕ್ಕನ ಕಾಗದದ ವಿಷಯದಲ್ಲಿ ನಾನು ತಡ ಮಾಡಿದ್ದೆ. ಕಂಟ್ರಾಕ್ಟರನನ್ನು ಒಪ್ಪಿಸಿ ಸಹಿ ಮಾಡಿಸುವ ಹೊತ್ತಿಗೆ ಆ 12 ತಿಂಗಳ ಅವಧಿ ಮೀರಿ ಅವಳ ದಿನಗಳಲ್ಲಿ ಎಷ್ಟೋ ಲೆಕ್ಕಕ್ಕೆ ಸಿಗದೆ ಹೋದವು. ಮತ್ತೆ ಮೊದಲಿನಿಂದ ಎಣಿಸಬೇಕು.

ಈಗ ಅವಳ ಹೊಸ ಕಾಗದದಲ್ಲಿ 37 ದಿನ ಆಗಿದೆ. ನಮ್ಮ ಪಕ್ಕದ ಬಿಲ್ಡಿಂಗಿನವರು 14 ದಿನಕ್ಕೆ ಸಹಿ ಕೊಟ್ಟರು, ಒಂದು ಮನೆಯವರು 6ಕ್ಕೆ, ಉಳಿದದ್ದು ಒಬ್ಬ ಸಣ್ಣ ಕಂಟ್ರಾಕ್ಟರ್. ಇನ್ನು 53 ದಿನ ಬೇಕು. ಮಳೆಗಾಲ ಮುಗಿದ ಮೇಲೆ ನಿಮ್ಮಲ್ಲಿ ಯಾರ ಚರ್ಚಿಗೆ, ಯಾರ ಕಟ್ಟಡಕ್ಕೆ ಕೆಲಸ ಇದೆಯೋ ತಿಳಿಸಿ. ನಾಕಾಕ್ಕೆ ನಾನೇ ಜೊತೆಗೆ ಬರುತ್ತೇನೆ, ಕನ್ನಡದಲ್ಲಿ ಮಾತಾಡೋಣ.

ಇಂತಿ ನಿಮ್ಮವನು,
ಬೊರಿವಲಿಯ ಒಬ್ಬ ಮಾಜಿ ಖಜಾಂಚಿ